ಗಾಜಿನ ಹಿಂದಿರುವ ಉಸ್ತಾದರು

(ಚಾಮರಾಜನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ವಿಜಯದಶಮಿಯ ದಿನ ಜಂಬೂಸವಾರಿಗೆ ಮೊದಲು ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಅದಕ್ಕೆ ಇಳಿಯುವ ಜಟ್ಟಿಗಳು ಮೈಸೂರು, ಬೆಂಗಳೂರು, ಚನ್ನಪಟ್ಟಣಗಳಿಂದ ಬರುತ್ತಾರೆ, ನಮ್ಮ ಚಾಮರಾಜನಗರದಿಂದಲೂ ಹೋಗುತ್ತಾರೆ. ತಲೆ ಬೋಳಿಸಿ ಜುಟ್ಟಷ್ಟೇ ಉಳಿಸಿಕೊಂಡು, ಮೈಗೆ ಕೆಮ್ಮಣ್ಣು ಬಳಿದುಕೊಂಡು, ದಂತದಲ್ಲೋ ಕೊಂಬಿನಲ್ಲೋ ಮಾಡಿದ ಮುಷ್ಟಿಯನ್ನು ಬೆರಳಿಗೆ ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಂಡಿತೋ, ಕಾಳಗ ಮುಗಿಯಿತು. ಜನ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದದ್ದೂ ಉಂಟು. ಮರುದಿನ ಪತ್ರಿಕೆಯಲ್ಲಿ ಅದರ ಚಿತ್ರ ಬರುತ್ತದೆ. ಆ ಚಿತ್ರವನ್ನು ನೋಡುವ ನಮ್ಮ ಜಿಲ್ಲೆಯ ಕುಸ್ತಿ, ಜೂಡೊ, ಬಾಕ್ಸಿಂಗ್ ಮಕ್ಕಳಿಗೆ ಅಲ್ಲಿ ನಿಂತಿರುವವರು ತಮ್ಮ ಆಟದ ಮನೆತನದ ಹಿರಿಯರು ಎಂದು ಹೇಳಿಕೊಟ್ಟವರು ಯಾರೂ ಇಲ್ಲ. ಹಬ್ಬದ ಒಂದು ಶಾಸ್ತ್ರ ಎಂದುಕೊಂಡು ಮಕ್ಕಳು ಪುಟ ತಿರುಗಿಸುತ್ತಾರೆ.

ಅದೇ ನನ್ನ ಇಂದಿನ ವಿಷಯ. ಆಟಗಾರರು ತಮ್ಮ ಆಟದ ಚರಿತ್ರೆಯನ್ನು ಕಲಿಯಬೇಕು, ಅದನ್ನು ವಸ್ತುಸಂಗ್ರಹಾಲಯಕ್ಕೆ ಹೋಗಿ, ವಸ್ತುವಿನ ಎದುರು ನಿಂತು ಕಲಿಯಬೇಕು ಎಂಬುದು ನನ್ನ ವಾದ. ಇದಕ್ಕೆ ನಾನು ಕೊಡುವ ಕಾರಣ ಸ್ವಲ್ಪ ಬೇರೆ. ಹಳೆಯ ಗದೆಯನ್ನೋ, ಕಲ್ಲಿನಲ್ಲಿ ಕೆತ್ತಿದ ಮಲ್ಲನನ್ನೋ ನೋಡಿ ಅದರ ಅರ್ಥವನ್ನು ಪೂರ್ತಿಯಾಗಿ ಬಿಡಿಸಬಲ್ಲ ವ್ಯಕ್ತಿ ಇತಿಹಾಸಕಾರನಲ್ಲ, ಆಟಗಾರ. ತೂಕ ಎಲ್ಲಿ ಬೀಳುತ್ತದೆ, ಉಸಿರು ಯಾವಾಗ ಕಟ್ಟುತ್ತದೆ ಎಂಬುದು ಅವನ ಮೈಗೆ ಗೊತ್ತು. ಸಂಗ್ರಹಾಲಯ ಅವನಿಗೆ ಬೇಕು, ಅವನೂ ಸಂಗ್ರಹಾಲಯಕ್ಕೆ ಬೇಕು. ಈ ಎರಡನೆಯ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯೊಂದರ ಪ್ರವಾಸದ ಜೊತೆ ಹಂಪಿಗೆ ಹೋಗಿದ್ದೆ. ಮಹಾನವಮಿ ದಿಬ್ಬದ ಸುತ್ತ ಕಲ್ಲಿನ ಪಟ್ಟಿಕೆಗಳಿವೆ: ಬೇಟೆ, ಆನೆ, ಕುದುರೆ, ನರ್ತಕಿಯರು, ನಡುನಡುವೆ ಮಲ್ಲರು. ಗೈಡ್ ‘ಇವರು ಕುಸ್ತಿ ಆಡುವವರು’ ಎಂದು ಹೇಳಿ ಮುಂದೆ ನಡೆದ. ನಮ್ಮ ಗುಂಪಿನಲ್ಲಿ ಕುಸ್ತಿ ಕಲಿಯುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಲ್ಲೇ ನಿಂತುಬಿಟ್ಟಳು. ಕಲ್ಲಿನಲ್ಲಿ ಇಬ್ಬರು ಮಲ್ಲರು ತೋಳಿಗೆ ತೋಳು ಕೊಟ್ಟಿದ್ದರು. ಅವಳು ಕೂತು, ಎದ್ದು, ಪಕ್ಕದಿಂದ ನೋಡಿ, ಕೊನೆಗೆ ನನ್ನನ್ನು ಕರೆದಳು. “ಸಾ, ಇವ್ನು ತಳ್ತಾ ಇಲ್ಲ ಸಾ. ಕಾಲು ನೋಡಿ, ಭಾರಾನೆಲ್ಲ ಹಿಂಗಾಲ್ ಮೇಲೆ ಬುಟ್ಟವ್ನೆ. ಆ ವಯ್ಯ ಮುಂದ್ಕೆ ಬರ್ಲಿ ಅಂತ ಕಾಯ್ತಾವ್ನೆ, ಬಂದೇಟ್ಗೆ ಎಳ್ಕತಾನೆ.” ಅಷ್ಟು ಹೇಳಿ ಗೆಳತಿಯ ತೋಳು ಹಿಡಿದು ಅದೇ ಭಂಗಿಯಲ್ಲಿ ನಿಂತು, ಅವಳನ್ನು ಒಂದೇ ಎಳೆತಕ್ಕೆ ಮುಂದಕ್ಕೆ ತಂದಳು. ಆ ಶಿಲ್ಪವನ್ನು ನಾನು ಅದಕ್ಕೂ ಮೊದಲು ನೋಡಿದ್ದೆ, ನನ್ನ ಕಣ್ಣಿಗೆ ಅಲ್ಲಿ ಇಬ್ಬರು ಮಲ್ಲರು ಕಂಡಿದ್ದರೇ ಹೊರತು ಆ ಎಳೆತ ಕಂಡಿರಲಿಲ್ಲ.

ಅವಳಿಗೆ ಅಲ್ಲೇ ಇನ್ನೊಂದು ಸಂಗತಿ ಹೇಳಿದೆ. 1535ರ ಸುಮಾರಿಗೆ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಇದ್ದರು ಎಂದು ದಾಖಲಿಸಿದ್ದಾನೆ.  ಮಹಾನವಮಿಯ ದಿನಗಳಲ್ಲಿ ಮಲ್ಲರು ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಸಾಧನ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು, ಹೆಚ್ಚು ಪೆಟ್ಟು ತಿಂದವನಿಗೆ ರೇಷ್ಮೆ ವಸ್ತ್ರ ಸಿಗುತ್ತಿತ್ತು ಎಂದೂ ಬರೆದಿದ್ದಾನೆ. ನಮ್ಮೂರ ಜಟ್ಟಿ ಅರಮನೆಯ ಅಂಗಳದಲ್ಲಿ ತೊಡುವ ಮುಷ್ಟಿಗೆ ಅಲ್ಲಿಂದ ಇಲ್ಲಿಗೆ ಸುಮಾರು ಐನೂರು ವರ್ಷಗಳ ದಾರಿ ಇದೆ. ‘ಹುಡುಗಿಗೆ ಯಾಕೆ ಕುಸ್ತಿ’ ಎಂದು ಮನೆಯಲ್ಲೂ ಬೀದಿಯಲ್ಲೂ ಕೇಳಿಸಿಕೊಂಡು ಬೆಳೆಯುವ ಮಗುವಿಗೆ ಈ ಒಂದು ಸಂಗತಿ ಎಷ್ಟು ದೊಡ್ಡ ಬಲ ಎಂಬುದನ್ನು ನಾನು ಅವಳ ಮುಖದಲ್ಲೇ ಕಂಡೆ.

ಇನ್ನೂ ಹಿಂದಕ್ಕೆ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿ, ಅವರಿಗೆ ಏನು ಉಣಿಸಬೇಕು, ಯಾವ ಸಾಮು ಮಾಡಿಸಬೇಕು ಎಂದು ಅಲ್ಲಿ ಹೇಳಿದೆ. ಭಾರ ಹೊರುವ ಭಾರಶ್ರಮ, ನಡೆಯುವ ಓಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳಿನ ಬಲಕ್ಕೊಂದು ಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ. ಇಲ್ಲಿರುವ ಕೋಚ್‌ಗಳು ತಮ್ಮ ವಾರದ ವೇಳಾಪಟ್ಟಿಯನ್ನು ಒಮ್ಮೆ ನೆನೆಸಿಕೊಳ್ಳಿ. ಸೋಮವಾರ ತೂಕ, ಮಂಗಳವಾರ ಓಟ, ಊರಲ್ಲಿ ಕೊಳ ಇದ್ದರೆ ಈಜು. ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಕೂತವರೊಬ್ಬರು ಇದೇ ಪಟ್ಟಿ ಹಾಕಿದ್ದರು. ಆ ಸ್ತಂಭಶ್ರಮದಿಂದಲೇ ಇಂದಿನ ಮಲ್ಲಕಂಬದ ಚರಿತ್ರೆ ಶುರುವಾಗುತ್ತದೆ ಎಂದು ವಿದ್ವಾಂಸರು ಹೇಳುತ್ತಾರೆ.

ಚಾಮರಾಜನಗರದಲ್ಲಿ ಕೂತು ಈ ಮಾತು ಆಡುವಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರ ತಂದೆ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ, ಆಗ ಇದು ಅರಿಕುಠಾರ. ಮಗ 1818ರಲ್ಲಿ ತಂದೆಯ ಹೆಸರನ್ನು ಊರಿಗೆ ಇಟ್ಟರು, ಚಾಮರಾಜೇಶ್ವರ ದೇವಸ್ಥಾನವನ್ನೂ ಕಟ್ಟಿಸಿದರು. ಅಷ್ಟನ್ನು ಇಲ್ಲಿಯ ಎಲ್ಲ ಮಕ್ಕಳೂ ಬಲ್ಲರು, ಜನನ ಮಂಟಪವನ್ನೂ ನೋಡಿದ್ದಾರೆ. ಆಟಗಾರರು ತಿಳಿಯಬೇಕಾದ ಮುಮ್ಮಡಿಯವರು ಬೇರೆ. ಅವರ ಆಸ್ಥಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ದೊಡ್ಡ ಚಿತ್ರಗ್ರಂಥದ ಒಂಬತ್ತು ಭಾಗಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗ ಹಿಡಿದು ಮಾಡುವ ಆಸನಗಳೂ ಇವೆ. ಎನ್. ಇ. ಶೋಮನ್ ಎಂಬ ವಿದ್ವಾಂಸರು 1996ರಲ್ಲಿ ಆ ಚಿತ್ರಗಳನ್ನು ಪುಸ್ತಕವಾಗಿ ಹೊರತಂದಾಗ, ಮೈಸೂರಿನ ಯೋಗಕ್ಕೂ ಗರಡಿಯ ಸಾಮಿಗೂ ಇರುವ ನಂಟು ಜಗತ್ತಿಗೆ ಕಂಡಿತು. ದಂಡ ಹೊಡೆಯುವ ಪೈಲ್ವಾನನ ಬೆನ್ನಿನ ಬಾಗು, ಆಸನ ಹಾಕುವವನ ಬೆನ್ನಿನ ಬಾಗು ಅಲ್ಲಿ ಅಕ್ಕಪಕ್ಕದಲ್ಲಿವೆ. ಮುಂದೆ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯಿತು, ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿ ಬಂತು. ಬಿ. ಕೆ. ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾ ಕ್ರೀಡೆಯೆಂದು ಮಾನ್ಯ ಮಾಡಿತು. ಈಗ ನಮ್ಮ ಶಾಲೆಗಳ ಮಕ್ಕಳು ಯೋಗಾಸನ ಸ್ಪರ್ಧೆಗೆ ಅಭ್ಯಾಸ ಮಾಡುತ್ತಾರೆ, ಮೊಬೈಲಿನಲ್ಲಿ ಯಾರದೋ ವಿಡಿಯೊ ನೋಡಿ ಕಲಿಯುತ್ತಾರೆ. ಈ ಊರಿಗೆ ಹೆಸರಿಟ್ಟ ದೊರೆಯೇ ಬರೆಸಿದ ಚಿತ್ರಗಳ ಸುದ್ದಿ ಅವರಿಗೆ ಮುಟ್ಟಿಲ್ಲ.

ಮುಮ್ಮಡಿಯವರಿಗೆ ಮಣೆಯಾಟಗಳ ಮೇಲೂ ಅಷ್ಟೇ ಪ್ರೀತಿ. ಚದುರಂಗದ ಕುದುರೆ ಒಂದು ಮನೆಗೂ ಎರಡು ಸಲ ಹೋಗದಂತೆ ಅರವತ್ನಾಲ್ಕು ಮನೆಗಳನ್ನೂ ಸುತ್ತಿ ಬರುವ ದಾರಿಗಳನ್ನು ಅವರು ರಚಿಸಿದ್ದು ಚದುರಂಗದ ಚರಿತ್ರೆಯಲ್ಲಿ ದಾಖಲಾಗಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನದಲ್ಲಿ ಪಗಡೆ, ಚೌಕಾಬಾರ, ಅಳಗುಳಿ ಮಣೆಗಳನ್ನು ಜನರ ಮುಂದೆ ಇಡುತ್ತ ಬಂದಿದ್ದಾರೆ. ಚೆಸ್ ಆಡುವ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ಈಗ ಶಿಕ್ಷಕರ ಪ್ರಶ್ನೆಗೆ ಬರುತ್ತೇನೆ. ‘ಡಿವಿಷನ್ ಮೀಟ್ ಹತ್ತಿರ ಬಂತು ಸಾರ್, ಇಂಥ ಹೊತ್ತಲ್ಲಿ ಮ್ಯೂಸಿಯಂ ನೋಡಿಕೊಂಡು ಕೂತರೆ ಮಕ್ಕಳ ಟೈಮಿಂಗ್ ಇಳಿಯುತ್ತಾ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗಾಜಿನ ಪೆಟ್ಟಿಗೆ ನೋಡಿದ್ದಕ್ಕೆ ನೂರು ಮೀಟರಿನಲ್ಲಿ ಒಂದು ಕ್ಷಣವೂ ಉಳಿಯುವುದಿಲ್ಲ, ಅಂಥ ಆಸೆಯನ್ನು ನಾನು ತೋರಿಸುವುದಿಲ್ಲ. ಆದರೆ ಆಟದ ನಿಯಮ ಯಾಕೆ ಹೀಗಿದೆ, ಸಲಕರಣೆ ಯಾಕೆ ಹೀಗಾಯಿತು ಎಂದು ತಿಳಿದವನು ಬದಲಾವಣೆಗೆ ಬೇಗ ಒಗ್ಗುತ್ತಾನೆ. ನಮ್ಮ ಗರಡಿಯ ಹುಡುಗರ ಕಷ್ಟವನ್ನೇ ತೆಗೆದುಕೊಳ್ಳಿ. ಮಟ್ಟಿಯ ಮೇಲೆ ನಾಡಕುಸ್ತಿ ಆಡಿ ಬೆಳೆದವನಿಗೆ ಎದುರಾಳಿಯ ಬೆನ್ನು ಮಣ್ಣಿಗೆ ತಾಗುವುದೇ ಗೆಲುವು. ಅವಸರ ಇಲ್ಲ, ಎದುರಾಳಿ ದಣಿಯುವವರೆಗೆ ಕಾಯಬಹುದು. ಅದೇ ಹುಡುಗ ಒಂಬತ್ತು ಮೀಟರ್ ವ್ಯಾಸದ ಮ್ಯಾಟಿನ ಮೇಲೆ ನಿಂತಾಗ ಮೂರು ಮೂರು ನಿಮಿಷದ ಎರಡು ಸುತ್ತು ಮಾತ್ರ, ಹತ್ತು ಪಾಯಿಂಟಿನ ಅಂತರ ಬಿದ್ದರೆ ಪಂದ್ಯವೇ ಮುಕ್ತಾಯ. ಶಕ್ತಿ ಇದ್ದೂ ಸೋಲುತ್ತಾನೆ, ಯಾಕೆ ಸೋತೆ ಎಂದು ತಿಳಿಯದೆ ಕುಸ್ತಿಯನ್ನೇ ಬಿಡುತ್ತಾನೆ.

ಅವನಿಗೆ ಖಾಶಾಬಾ ಜಾಧವರ ಕತೆ ಗೊತ್ತಿರಬೇಕಿತ್ತು. ಕರಾಡದ ಬಳಿಯ ಗೋಳೇಶ್ವರದ ಜಾಧವರು ಮಣ್ಣಿನಲ್ಲಿ ಕಲಿತವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟೂ ಹೊಸದು, ಅಂತರರಾಷ್ಟ್ರೀಯ ನಿಯಮವೂ ಹೊಸದು. ಅಲ್ಲಿ ಆರನೆಯವರಾದರು. ಊರಿಗೆ ಮರಳಿ ನಾಲ್ಕು ವರ್ಷ ಆ ಹೊಸ ಆಟಕ್ಕೆ ಮೈಯನ್ನು ಪಳಗಿಸಿದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ದುಡ್ಡಿರಲಿಲ್ಲ, ಅವರು ಓದಿದ್ದ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು ಹಣ ಕೊಟ್ಟರು. ಅಲ್ಲಿ ಗೆದ್ದ ಕಂಚು ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಮಣ್ಣಿನಿಂದ ಮ್ಯಾಟಿಗೆ ಹೋಗುವ ದಾರಿಯಲ್ಲಿ ತನಗಿಂತ ಮೊದಲು ಒಬ್ಬ ಎಡವಿದ್ದಾನೆ, ಎದ್ದು ನಡೆದಿದ್ದಾನೆ ಎಂದು ತಿಳಿದ ಹುಡುಗ ಸೋತ ಮರುದಿನವೂ ಗರಡಿಗೆ ಬರುತ್ತಾನೆ.

ಓಟಗಾರರಿಗೂ ಇಂಥವರು ಇದ್ದಾರೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ಜಿಲ್ಲಾ ಕ್ರೀಡಾಂಗಣದಲ್ಲಿ ಹತ್ತು ಸಾವಿರ ಮೀಟರ್ ಓಡುವ ನಮ್ಮ ಮಕ್ಕಳಿಗೆ ನೂರು ವರ್ಷ ಹಿಂದಿನ ಈ ಕನ್ನಡ ನಾಡಿನ ಓಟಗಾರನ ಹೆಸರು ಕೇಳಿ ನೋಡಿ. ಮಿಲ್ಖಾ ಸಿಂಗ್ ತಮ್ಮ ಪದಕಗಳನ್ನು ದೇಶಕ್ಕೆ ಕೊಟ್ಟರು, ಅವು ಪಟಿಯಾಲದ ಕ್ರೀಡಾ ಸಂಗ್ರಹಾಲಯ ಸೇರಿದವು. ಕೋಚಿಂಗ್ ಡಿಪ್ಲೊಮಾಕ್ಕೆಂದು ಪಟಿಯಾಲಕ್ಕೆ ಹೋಗುವವರು ಅದನ್ನು ನೋಡಿಕೊಂಡೇ ಬರಬೇಕು. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ 1993ರಲ್ಲಿ ತೆರೆದ ಒಲಿಂಪಿಕ್ ಸಂಗ್ರಹಾಲಯವಂತೂ ನಮ್ಮ ಮಕ್ಕಳಿಗೆ ದೂರದ ಮಾತು, ಇರಲಿ. ಹತ್ತಿರದಲ್ಲಿ ಏನಿದೆ ಎಂಬುದು ನನಗೆ ಮುಖ್ಯ.

ಹತ್ತಿರದಲ್ಲಿ ಗರಡಿಮನೆಗಳಿವೆ. ಹಳೆಯ ಗರಡಿಯ ಬಾಗಿಲು ತಗ್ಗು, ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ಒಳಗೆ ಕತ್ತಲೆ, ತಂಪು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡಿದ ಮಟ್ಟಿ. ಒಂದು ಮೂಲೆಯಲ್ಲಿ ಹನುಮಂತ, ಇನ್ನೊಂದು ಮೂಲೆಯಲ್ಲಿ ಕೈಯಲ್ಲಿ ಹಿಡಿದು ಬೀಸುವ ಮರದ ಲೋಡುಗಳು, ಗದೆ, ಕಲ್ಲುಗುಂಡು. ಗೋಡೆಯಲ್ಲಿ ಬೆಳ್ಳಿ ಗದೆ ಹೊತ್ತು ನಿಂತ ಪೈಲ್ವಾನರ ಕಪ್ಪುಬಿಳುಪು ಚಿತ್ರಗಳು. ಒಂದು ಹಳೆಯ ಲೋಡನ್ನು ಕೈಗೆ ತೆಗೆದುಕೊಂಡು ಹಿಡಿಯನ್ನು ನೋಡಿ. ಎರಡು ಮೂರು ತಲೆಮಾರಿನ ಅಂಗೈ ತಿರುವಿ ತಿರುವಿ ಮರ ಸವೆದು ನಡುವೆ ಸಣ್ಣಗಾಗಿರುತ್ತದೆ, ಹೆಬ್ಬೆರಳು ಊರುವ ಜಾಗದಲ್ಲಿ ಒಂದು ಪುಟ್ಟ ತಗ್ಗು. ನಿಮ್ಮ ಹೆಬ್ಬೆರಳನ್ನು ಅಲ್ಲಿ ಇಟ್ಟು ಬೀಸಿದರೆ ತೋಳು ತಾನಾಗಿ ಸರಿಯಾದ ಸುತ್ತಿಗೆ ಹೋಗುತ್ತದೆ. ಬಾಯಿಬಿಟ್ಟು ಹೇಳದೆ ತಿದ್ದುವ ಉಸ್ತಾದ ಎಂದರೆ ಆ ಲೋಡು. ಹೀಗಿರುವಾಗ ಗರಡಿಯ ಚಾವಣಿ ಕುಸಿದ ವರ್ಷ ಲೋಡುಗಳು ಸೌದೆಯ ಜೊತೆ ಒಲೆಗೆ ಹೋದದ್ದನ್ನು, ಪೈಲ್ವಾನ್ ತೀರಿಕೊಂಡ ಮೇಲೆ ಚಿತ್ರಗಳನ್ನು ಗೆದ್ದಲು ತಿಂದದ್ದನ್ನು ಈ ಸಭೆಯಲ್ಲಿರುವ ಹಿರಿಯರು ಕಂಡಿದ್ದಾರೆ. ನನಗೆ ಇದು ನೋವಿನ ವಿಷಯ.

ಜಟ್ಟಿಗಳ ಬಗ್ಗೆ 1909ರಲ್ಲಿ ಥರ್ಸ್ಟನ್ ಬರೆದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ, ಅವರು ನೋವಿಗೆ ಮೈ ನೀವುವುದರಲ್ಲಿ, ಮುಲಾಮು ತಿಕ್ಕುವುದರಲ್ಲಿ ಹೆಸರಾದವರು ಎಂಬ ಮಾತಿದೆ. ಇಂದಿನ ಕ್ರೀಡಾ ಫಿಸಿಯೊಥೆರಪಿ ಓದುವ ವಿದ್ಯಾರ್ಥಿ ಇಲ್ಲಿಯ ಹಿರಿಯ ಜಟ್ಟಿಗಳ ಬಳಿ ಕೂತು, ಯಾವ ಉಳುಕಿಗೆ ಯಾವ ನೀವಿಕೆ ಎಂದು ಕೇಳಿ ಬರೆದುಕೊಳ್ಳಬಹುದಾದ ಕಾಲ ಇನ್ನೂ ಇದೆ, ಆದರೆ ಬಹಳ ಇಲ್ಲ.

ಚರಿತ್ರೆ ಎಂದರೆ ಹೆಮ್ಮೆ ಪಡುವುದಷ್ಟೇ ಎಂದು ಮಕ್ಕಳು ತಿಳಿಯಬಾರದು. ವಜ್ರಮುಷ್ಟಿಯಲ್ಲಿ ಸುರಿದ ರಕ್ತ ದೊರೆಯ ಹಬ್ಬದ ಶುಭಕ್ಕೆಂದು ಸುರಿದ ಬಡವರ ರಕ್ತವೂ ಹೌದು. ಎಷ್ಟೋ ಗರಡಿಗಳ ತಗ್ಗು ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳು ಹೊಸಿಲು ದಾಟುವಂತಿರಲಿಲ್ಲ. ಸಂಗ್ರಹಾಲಯದ ಫಲಕದಲ್ಲಿ ಇದನ್ನೂ ಬರೆಯಬೇಕು. ಇಂದು ದಸರಾ ಕುಸ್ತಿಯಲ್ಲಿ ಹುಡುಗಿಯರು ಆಡುವುದನ್ನು ನೋಡುವಾಗ ಆ ಬಾಗಿಲನ್ನು ಯಾರು, ಹೇಗೆ ತೆರೆದರು ಎಂಬ ಪ್ರಶ್ನೆ ಆಗ ಹುಟ್ಟುತ್ತದೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಈ ಸಭೆಯ ಹಿಂದಿನ ಸಾಲುಗಳಲ್ಲಿ ಕೂತಿರುವ ಮಕ್ಕಳಲ್ಲಿ ಬಹುಪಾಲು ಮಂದಿ ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಆಟ ನಿಲ್ಲಿಸುತ್ತಾರೆ. ಕೆಲಸ, ಮದುವೆ, ಮಂಡಿನೋವು, ಮನೆಯ ಸಾಲ. ರಾಜ್ಯ ಮಟ್ಟದ ಒಂದು ಪ್ರಮಾಣಪತ್ರ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಆಟವನ್ನು ಬರೀ ಪದಕದ ಲೆಕ್ಕದಲ್ಲಿ ಕಲಿತವನಿಗೆ ಅಲ್ಲಿಗೆ ಎಲ್ಲವೂ ಮುಗಿಯುತ್ತದೆ. ಅದರ ಚರಿತ್ರೆಯನ್ನೂ ಕಲಿತವನು ಮೂವತ್ತಕ್ಕೆ ಅಂಪೈರ್ ಆಗುತ್ತಾನೆ, ನಲವತ್ತಕ್ಕೆ ಊರ ಮಕ್ಕಳಿಗೆ ಪಟ್ಟು ಹೇಳಿಕೊಡುತ್ತಾನೆ, ಅರವತ್ತಕ್ಕೆ ಯಾರಾದರೂ ಬಂದು ಕೇಳಿದರೆ ಹೇಳಲು ಅವನ ಬಳಿ ಇರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರು ಅಂದು ತೊಟ್ಟ ಅಂಗಿ, ಕುರುಬೂರಿನ ಮೈದಾನದಲ್ಲಿ ನೆಟ್ಟ ಖೊ-ಖೊ ಕಂಬ, ಇವೆಲ್ಲ ಐವತ್ತು ವರ್ಷಗಳ ನಂತರ ಎಲ್ಲಿರಬೇಕು ಎಂದು ಈಗಲೇ ಯೋಚಿಸುವುದು ನಮ್ಮ ಕೆಲಸ.

ಆದ್ದರಿಂದ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು ಅರವತ್ತು ಕಿಲೋಮೀಟರ್. ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಕೂಟ ಮುಗಿಸಿ ಬರುವ ದಿನ ಬಸ್ಸನ್ನು ಜಗನ್ಮೋಹನ ಅರಮನೆಯ ಬಳಿ, ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದ ಬಳಿ ಎರಡು ಗಂಟೆ ನಿಲ್ಲಿಸಿ. ಮಕ್ಕಳ ಕೈಗೆ ಒಂದು ಹಾಳೆ, ಒಂದು ಟೇಪು ಕೊಡಿ. ಎಲ್ಲವನ್ನೂ ನೋಡಬೇಕಿಲ್ಲ, ತನ್ನ ಆಟಕ್ಕೆ, ತನ್ನ ಮೈಗೆ ಸಂಬಂಧವಿರುವ ಒಂದೇ ಒಂದು ವಸ್ತುವನ್ನು ಆರಿಸಿ, ಅದನ್ನು ಹಿಡಿದವನು ಹೇಗೆ ನಿಂತಿದ್ದ ಎಂದು ಬರೆಯಲಿ. ಅಲ್ಲಿನ ಸಿಬ್ಬಂದಿಗೆ ಆ ಹಾಳೆಯ ಪ್ರತಿ ಕೊಟ್ಟು ಬನ್ನಿ, ಅದು ಅವರಿಗೂ ಬೇಕಾದದ್ದು.

ಜಿಲ್ಲಾಡಳಿತದವರಲ್ಲಿ ಇನ್ನೊಂದು ಕೋರಿಕೆ. ನಮ್ಮ ಜಿಲ್ಲಾ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಬೀಗ ಹಾಕಬಹುದಾದ, ಮಳೆನೀರು ಇಳಿಯದ ಒಂದು ಕೋಣೆ ಕೊಡಿ. ಇಂದು ನನಗೆ ಕೊಡುವ ಗೌರವಧನವನ್ನು ದತ್ತಿಯ ಕುಟುಂಬದವರ ಒಪ್ಪಿಗೆ ಪಡೆದು ಅಲ್ಲಿಗೆ ಮೊದಲ ಗಾಜಿನ ಕಪಾಟಿಗೆ ಕೊಟ್ಟಿದ್ದೇನೆ. ಒಂದು ಲೋಡು, ಒಂದು ಮುಷ್ಟಿ, ಒಂದು ಹಳೆಯ ಚಿತ್ರ ತಂದುಕೊಡುವವರು ಶಿಕ್ಷಕರ ಬಳಿ ಹೆಸರು ಬರೆಸಿ. ಪ್ರತಿ ವಸ್ತುವಿನ ಚೀಟಿಯಲ್ಲಿ ನಾಲ್ಕು ವಿವರ ಸಾಕು: ಯಾರದು, ಯಾವ ಊರ ಗರಡಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಬಳಸಿದರು, ತೂಕ ಎಷ್ಟು. ತೂಕ ಹಾಕುವ ಕೆಲಸ ಮಕ್ಕಳದು. ಎತ್ತಿ ನೋಡಿಯೇ ಹಾಕಲಿ.